ಸ್ಕ್ರಿಪ್ಟಿನಿಂದ ಬಿಲ್ಲು ತಯಾರಿಸುವ ಕ್ರಮ

ಉಳ್ಳೂರಿನ ಅಂಗಡಿ, ಗೋದಾಮುಗಳಲ್ಲಿ ಲೆಕ್ಕ ಬರೆಯುವ ನಮ್ಮವರಿಗೆ ಬಿಲ್ಲು ನಿತ್ಯದ ಕೆಲಸ. ಲಿನಕ್ಸ್ ಇರುವ ಹಳೆಯ ಕಂಪ್ಯೂಟರೊಂದು ದೊರೆತರೆ ಈ ಕೆಲಸವನ್ನು ಖರ್ಚಿಲ್ಲದೆ ಅದರಿಂದ ಮಾಡಿಸಬಹುದು. ಆದರೆ ಯಂತ್ರಕ್ಕೆ ಹೇಳಿಕೊಡುವ ಮೊದಲು ನಿಯಮ ನಮಗೆ ತಿಳಿದಿರಬೇಕು.

ನಿಯಮ: ಜಿ.ಎಸ್.ಟಿ. ಜಾರಿಗೆ ಬಂದುದು 2017ರ ಜುಲೈ 1ರಂದು. ಸರಕು ಮಾರುವವನ ರಾಜ್ಯದೊಳಗೇ ತಲುಪಿದರೆ ತೆರಿಗೆ ಎರಡು ಪಾಲು: ಸಿ.ಜಿ.ಎಸ್.ಟಿ. ಮತ್ತು ಎಸ್.ಜಿ.ಎಸ್.ಟಿ. ರಾಜ್ಯದ ಗಡಿ ದಾಟಿದರೆ ಒಂದೇ ಐ.ಜಿ.ಎಸ್.ಟಿ. ಇಲ್ಲಿ ಭಾಷೆ ಲೆಕ್ಕಕ್ಕೆ ಬಾರದು. ಕಾಸರಗೋಡಿನಲ್ಲಿ ಕನ್ನಡ ಕೇಳಿಬಂದರೂ ಬಿಲ್ಲಿಗೆ ಅದು ಕೇರಳ, ಸಂಖ್ಯೆ 32. ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಕರ್ನಾಟಕ, ಸಂಖ್ಯೆ 29.

ಉದಾಹರಣೆ: ತಲಾ 250 ರೂಪಾಯಿಯ 12 ಬಣ್ಣದ ಡಬ್ಬಿ, ಒಟ್ಟು 3,000. ಶೇಕಡ 18ರಂತೆ ತೆರಿಗೆ 540. ಕಾಸರಗೋಡಿಗೆ ಕಳಿಸಿದರೆ 270 ಮತ್ತು 270. ಮಂಗಳೂರಿಗೆ ಒಂದೇ 540. ಎರಡೂ ಬಿಲ್ಲಿನ ಮೊತ್ತ 3,540. ಮೊತ್ತ ಸರಿಯಾಗಿರುವುದರಿಂದಲೇ ಬಾಬತ್ತಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಗೊತ್ತಾದರೆ ಸರಿಯಾದ ಬಾಬತ್ತಿಗೆ ಮತ್ತೆ ಹಣ ಕಟ್ಟಿ, ಮೊದಲು ಕಟ್ಟಿದ್ದನ್ನು ವಾಪಸು ಕೇಳಬೇಕು. ಅಷ್ಟು ದಿನ ಸಣ್ಣ ವ್ಯಾಪಾರಿಯ ಬಂಡವಾಳ ಸಿಕ್ಕಿಬೀಳುತ್ತದೆ. ಗುಮಾಸ್ತನ ಮೇಲೆ ಮಾತು ಬರುತ್ತದೆ.

ಸ್ಕ್ರಿಪ್ಟಿನ ಕ್ರಮ:

1. ಪ್ರತಿ ಬಿಲ್ಲಿಗೆ ಒಂದು ಸಿ.ಎಸ್.ವಿ. ಕಡತ. ಮೊದಲ ಸಾಲಿನಲ್ಲಿ ಗಿರಾಕಿಯ ಹೆಸರು, ವಿಳಾಸ, ಜಿ.ಎಸ್.ಟಿ. ನಂಬರು, ಸರಕು ತಲುಪುವ ರಾಜ್ಯದ ಸಂಖ್ಯೆ. ಮುಂದಿನ ಸಾಲುಗಳಲ್ಲಿ ಸರಕು, ಎಚ್.ಎಸ್.ಎನ್. ಸಂಖ್ಯೆ, ಪ್ರಮಾಣ, ದರ, ತೆರಿಗೆಯ ಶೇಕಡ. ಕಲಮುಗಳ ನಡುವೆ ಅಲ್ಪವಿರಾಮ. ಆದುದರಿಂದ ವಿಳಾಸದೊಳಗೆ ಅಲ್ಪವಿರಾಮ ಹಾಕಬಾರದು.

2. ಬಿಲ್ಲಿನ ನಂಬರಿಗೆ ಬೇರೆಯೇ ಕಡತ. ಸ್ಕ್ರಿಪ್ಟು ಅದನ್ನು ಓದಿ, ಒಂದು ಕೂಡಿಸಿ, ಮತ್ತೆ ಬರೆದಿಡಬೇಕು. ನಂಬರು ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು.

3. ಗುಣಾಕಾರವನ್ನು 'ಆಕ್'ಗೆ ಬಿಡಿ. 1977ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಸಾಧನ ಕಡತವನ್ನು ಸಾಲುಸಾಲಾಗಿ, ಕಲಮುಕಲಮಾಗಿ ಓದುತ್ತದೆ. ಬ್ಯಾಷಿನ ಸ್ವಂತ ಲೆಕ್ಕದಲ್ಲಿ ದಶಾಂಶವಿಲ್ಲ, ಪೈಸೆಗಳು ಕಳೆದುಹೋಗುತ್ತವೆ.

4. ರಾಜ್ಯದ ಸಂಖ್ಯೆ 32 ಆದರೆ ತೆರಿಗೆಯನ್ನು ಎರಡು ಪಾಲು ಮಾಡು, ಬೇರೆಯಾದರೆ ಒಂದೇ ಸಾಲಿನಲ್ಲಿ ಬರೆ, ಖಾಲಿಯಿದ್ದರೆ ನಿಲ್ಲು ಎಂಬ ಷರತ್ತು ಹಾಕಿ. ಮೂರನೆಯದನ್ನು ಮರೆಯಬೇಡಿ.

ಇಷ್ಟಾದ ಮೇಲೆ ಬ್ಯಾಷ್ ಆಜ್ಞೆಯ ಮುಂದೆ ಸ್ಕ್ರಿಪ್ಟಿನ ಹೆಸರು, ಕಡತದ ಹೆಸರು ಕೊಟ್ಟು ಎಂಟರ್ ಒತ್ತಿದರೆ ಬಿಲ್ಲು ಸಿದ್ಧ. ಅಚ್ಚಾದ ಪ್ರತಿಗೆ ರುಜು ಬೇಕು. ಕಾಂಪೊಸಿಷನ್ ಪದ್ಧತಿಯ ವ್ಯಾಪಾರಿಗಳು ತೆರಿಗೆ ವಸೂಲು ಮಾಡುವಂತಿಲ್ಲ. ಈ ಪಾಠ ಅವರಿಗಲ್ಲ.

ಅಭ್ಯಾಸ: ಮೇಲಿನ ಡಬ್ಬಿಗಳಿಗೆ ಕಾಸರಗೋಡಿಗೊಂದು, ಮಂಗಳೂರಿಗೊಂದು ಬಿಲ್ಲನ್ನು ಮೊದಲು ಕೈಯಿಂದ ಬರೆಯಿರಿ, ಬಳಿಕ ಯಂತ್ರದಿಂದ ತೆಗೆದು ತಾಳೆ ನೋಡಿರಿ. ಮೊತ್ತವನ್ನಷ್ಟೇ ಅಲ್ಲ, ಬಾಬತ್ತನ್ನೂ ನೋಡಿರಿ.