ನಿಸ್ತಂತು ಬೋರ್ಡಿನ ಆಯ್ಕೆ: ಮೊದಲು ದೂರವನ್ನು ಅಳೆಯಿರಿ

ಮೂಡಲಗಿ ತಾಲ್ಲೂಕಿನ ಕಬ್ಬಿನ ಬೆಳೆಗಾರನಿಗೆ ರಾತ್ರಿಯ ಹೊತ್ತು ಒಂದು ಪ್ರಶ್ನೆ ಪದೇ ಪದೇ ಎದುರಾಗುತ್ತದೆ: ಹೊಲದ ಪಂಪ್‌ಸೆಟ್ಟಿಗೆ ಮೂರು ಫೇಸಿನ ಕರೆಂಟು ಬಂದಿದೆಯೆ, ಇಲ್ಲವೆ? ಉತ್ತರ ತಿಳಿಯಬೇಕಾದರೆ ಎಷ್ಟೋ ಸಲ ಬ್ಯಾಟರಿ ಹಿಡಿದು ಹೊಲದವರೆಗೆ ನಡೆದೇ ಹೋಗಬೇಕು. ಆಳೆತ್ತರ ಮೀರಿದ ಕಬ್ಬಿನ ನಡುವಣ ಬದುವಿನಲ್ಲಿ ಹಾವಿನ ಭಯ. ಹಸಿ ನೆಲದ ಮೇಲೆ ನಿಂತು ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟುವಾಗ ವಿದ್ಯುದಾಘಾತದ ಭಯ. ಈ ವ್ಯರ್ಥ ನಡಿಗೆಯನ್ನು ತಪ್ಪಿಸಬಲ್ಲ ಸಣ್ಣ ಉಪಕರಣವೊಂದನ್ನು ಇಂದು ಕಾಲೇಜಿನ ವಿದ್ಯಾರ್ಥಿಯು ಕೆಲವೇ ನೂರು ರೂಪಾಯಿಗಳ ಬಿಡಿಭಾಗಗಳಿಂದ ಕಟ್ಟತೊಡಗಬಹುದು. ಅದರ ಹೃದಯವೇ ನಿಸ್ತಂತು ಮೈಕ್ರೋಕಂಟ್ರೋಲರ್ ಬೋರ್ಡು.

ಆದರೆ ಅಂಗಡಿಯಲ್ಲಿ ಇಂಥ ಬೋರ್ಡುಗಳು ಹತ್ತಾರು ಬಗೆ. ಯಾವುದನ್ನು ಕೊಳ್ಳಬೇಕು? “ಎಲ್ಲಕ್ಕಿಂತ ವೇಗವಾದದ್ದು” ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಅದು ಸರಿಯಾದ ಉತ್ತರವಲ್ಲ. ಸುದ್ದಿ ಎಷ್ಟು ದೂರ ಹೋಗಬೇಕು, ಉಪಕರಣಕ್ಕೆ ವಿದ್ಯುತ್ತು ಎಲ್ಲಿಂದ ದೊರೆಯುತ್ತದೆ, ಅದಕ್ಕೆ ಏನೇನನ್ನು ಜೋಡಿಸಬೇಕು—ಈ ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಂಡವನಿಗೆ ಬೋರ್ಡಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಮುಗಿದಿರುತ್ತದೆ. ಇವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಬೋರ್ಡು ಎಂದರೇನು?

ಮೈಕ್ರೋಕಂಟ್ರೋಲರ್ ಎಂಬುದು ಒಂದೇ ಚಿಪ್ಪಿನಲ್ಲಿ ಅಡಗಿರುವ ಪುಟ್ಟ ಗಣಕಯಂತ್ರ. ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊರಗಿನ ವಸ್ತುಗಳೊಡನೆ ವ್ಯವಹರಿಸುವ ಪಿನ್ನುಗಳು—ಇವೆಲ್ಲ ಅದರಲ್ಲಿ ಸೇರಿರುತ್ತವೆ. ಚಿಪ್ಪಿನಲ್ಲಿಯೇ, ಇಲ್ಲವೆ ಅದರ ಪಕ್ಕದಲ್ಲಿ, ರೇಡಿಯೋ ಭಾಗವೊಂದು ಇದ್ದರೆ ಅದು ನಿಸ್ತಂತುವಾಗುತ್ತದೆ. ಬರಿಯ ಚಿಪ್ಪನ್ನು ಕೈಯಿಂದ ಬೆಸೆಯುವುದು ಕಷ್ಟ. ಆದುದರಿಂದ ಅದನ್ನು ಒಂದು ಹಲಗೆಯ ಮೇಲೆ ಕೂರಿಸಿ, ವೋಲ್ಟೇಜನ್ನು ತಗ್ಗಿಸುವ ರೆಗ್ಯುಲೇಟರು, ಯುಎಸ್‌ಬಿ ಕಿಂಡಿ, ಸೂಚಕ ದೀಪ ಮೊದಲಾದವುಗಳನ್ನು ಸೇರಿಸಿ ಮಾರುತ್ತಾರೆ. ಇದೇ ಬೋರ್ಡು. ಚಿಪ್ಪಿನ ಗುಣ ಬೇರೆ, ಬೋರ್ಡಿನ ಗುಣ ಬೇರೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಮೊದಲನೆಯ ಪ್ರಶ್ನೆ: ಎಷ್ಟು ದೂರ?

ರೇಡಿಯೋ ಅಲೆಗಳು ಹರಡುತ್ತ ಹೋದಂತೆ ಕ್ಷೀಣಿಸುತ್ತವೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ತಲಪುವ ಶಕ್ತಿ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. 10 ಮೀಟರಿಗೂ 1,500 ಮೀಟರಿಗೂ 150 ಪಟ್ಟು ಅಂತರ. ಆದುದರಿಂದ ಎರಡನೆಯ ಸ್ಥಳದಲ್ಲಿ ದೊರೆಯುವುದು ಮೊದಲನೆಯದರ 22,500ರಲ್ಲಿ ಒಂದು ಪಾಲು ಮಾತ್ರ. ನಡುವೆ ಗೋಡೆ, ಮರ, ಕಬ್ಬು ಇದ್ದರೆ ಇನ್ನೂ ಕಡಮೆ. ಮೂರು ಉದಾಹರಣೆಗಳನ್ನು ನೋಡೋಣ.

ಹುಕ್ಕೇರಿಯ ಶಾಲೆಯೊಂದರ ಪ್ರಯೋಗಶಾಲೆಯಲ್ಲಿ ಮೇಜಿನ ಮೇಲಿನ ಉಷ್ಣಮಾಪಕದ ಅಂಕೆಯನ್ನು ಅದೇ ಕೋಣೆಯ ಮೊಬೈಲಿನಲ್ಲಿ ಕಾಣಬೇಕಾಗಿದೆ ಎಂದಿಟ್ಟುಕೊಳ್ಳಿ. ದೂರ ಹತ್ತು ಮೀಟರು. ಇದಕ್ಕೆ ಬ್ಲೂಟೂತ್ ಸಾಕು. ಶಾಲಾಮಕ್ಕಳಿಗೆಂದೇ ರೂಪಿಸಿದ ಮೈಕ್ರೋ:ಬಿಟ್ ಬೋರ್ಡಿನಲ್ಲಿ ಉಷ್ಣತೆಯನ್ನು ಅಳೆಯುವ ಏರ್ಪಾಡು, 25 ಪುಟ್ಟ ದೀಪಗಳು, ಬ್ಲೂಟೂತ್ ರೇಡಿಯೋ ಎಲ್ಲವೂ ಇವೆ; ಎರಡು ಸಣ್ಣ ಶುಷ್ಕಕೋಶಗಳಿಂದ ಅದು ನಡೆಯುತ್ತದೆ.

ಎರಡನೆಯದಾಗಿ, ಗೋಕಾಕದ ಮನೆಯೊಂದರ ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿತೆ ಎಂದು ಕೆಳಗೆ ತಿಳಿಯಬೇಕು. ದೂರ ಹದಿನೈದು ಇಪ್ಪತ್ತು ಮೀಟರು, ನಡುವೆ ಒಂದೆರಡು ಗೋಡೆ. ಮನೆಯಲ್ಲಿ ವೈ-ಫೈ ಇದ್ದರೆ ಅದೇ ತಕ್ಕ ಸಾಧನ. ಶಾಂಘೈಯ ಎಸ್‌ಪ್ರೆಸಿಫ್ ಸಂಸ್ಥೆಯ ಇಎಸ್‌ಪಿ-8266 ಚಿಪ್ಪು 2014ರಲ್ಲಿ ಹವ್ಯಾಸಿಗಳ ಕೈಸೇರಿದ ಮೇಲೆ ಇಂಥ ಕೆಲಸ ತೀರ ಅಗ್ಗವಾಯಿತು. ಅದರ ತಮ್ಮನಾದ ಇಎಸ್‌ಪಿ-32 2016ರಲ್ಲಿ ಬಂದಿತು. ಅದರಲ್ಲಿ ವೈ-ಫೈಯೊಡನೆ ಬ್ಲೂಟೂತೂ ಉಂಟು.

ಮೂರನೆಯದು ಮೂಡಲಗಿಯ ಹೊಲ. ತೋಟದ ಮನೆಗೂ ಪಂಪ್‌ಸೆಟ್ಟಿಗೂ ಒಂದೂವರೆ ಕಿಲೋಮೀಟರಿನ ಅಂತರವಿದೆ ಎನ್ನೋಣ. ಮನೆಯ ವೈ-ಫೈ ಅಷ್ಟು ದೂರ ಮುಟ್ಟದು. ಅದರ ಅಲೆಯ ಆವೃತ್ತಿ 2.4 ಗಿಗಾಹರ್ಟ್ಸ್, ತರಂಗದೂರ 12.5 ಸೆಂಟಿಮೀಟರು, ನೀರು ತುಂಬಿದ ಹಸಿರೆಲೆಗಳು ಅದನ್ನು ಹೀರಿಕೊಳ್ಳುತ್ತವೆ. ಬೇಸಗೆಯಲ್ಲಿ, ಕಬ್ಬು ಕಟಾವಾದ ಮೇಲೆ, ಹೇಗೋ ಮುಟ್ಟಿದ ಸುದ್ದಿ ಬೆಳೆ ಎದ್ದು ನಿಂತಾಗ ಮುಟ್ಟದೆ ಹೋಗಬಹುದು. ಇಲ್ಲಿ ಬೇಕಾದುದು ಲೋರಾ ಎಂಬ ಪದ್ಧತಿ.

ಹೊಳೆಯ ಆಚೆ ದಡದಲ್ಲಿರುವವನನ್ನು ಕರೆಯುವಾಗ ನಾವು ಬೇಗ ಬೇಗ ಮಾತಾಡುವುದಿಲ್ಲ. ಒಂದೊಂದು ಅಕ್ಷರವನ್ನೂ ಉದ್ದವಾಗಿ ಎಳೆದು ಕೂಗುತ್ತೇವೆ. ಲೋರಾದ ಗುಟ್ಟೂ ಇಂಥದೇ. ಪ್ರತಿಯೊಂದು ಸಂಕೇತವನ್ನೂ ಕಾಲದಲ್ಲಿ ಹಿಗ್ಗಿಸಿ ಕಳಿಸುವುದರಿಂದ ಗದ್ದಲದ ನಡುವೆಯೂ ಅದನ್ನು ಗುರುತಿಸಬಹುದು. ವೈ-ಫೈ ಚಿಪ್ಪು ಗ್ರಹಿಸಬಲ್ಲುದಕ್ಕಿಂತ ಸುಮಾರು 8,000 ಪಟ್ಟು ದುರ್ಬಲವಾದ ಸಂಕೇತವನ್ನು ಲೋರಾ ಚಿಪ್ಪು ತನ್ನ ಅತಿ ನಿಧಾನದ ಕ್ರಮದಲ್ಲಿ ಗ್ರಹಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆ ವೇಗ. ಸಾಮಾನ್ಯ ಏರ್ಪಾಡಿನಲ್ಲಿ ಸೆಕೆಂಡಿಗೆ ಸುಮಾರು 300ರಿಂದ 5,500 ಬಿಟ್ಟುಗಳು ಮಾತ್ರ ಸಾಗುತ್ತವೆ. ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಕಳಿಸುವುದು ಆಗದ ಮಾತು. ಆದರೆ “ಕರೆಂಟು ಬಂದಿದೆ” ಎಂಬ ಸುದ್ದಿಗೆ ಒಂದೇ ಒಂದು ಬಿಟ್ಟು ಸಾಕಲ್ಲವೆ?

ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸಿನ ಪಟ್ಟಿಯನ್ನು, ನಿಯಮಿತ ಶಕ್ತಿಗೆ ಒಳಪಟ್ಟು, 2005ರಲ್ಲಿಯೇ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ. ಲೋರಾ ಬೋರ್ಡನ್ನು ಕೊಳ್ಳುವಾಗ ಈ ಪಟ್ಟಿಗೆ ಹೊಂದುವುದೇ ಎಂದು ವಿಚಾರಿಸಬೇಕು. 433 ಅಥವಾ 915 ಎಂಬ ಅಂಕೆಯುಳ್ಳವು ಈ ಕೆಲಸಕ್ಕೆ ತಕ್ಕವಲ್ಲ. 866 ಮೆಗಾಹರ್ಟ್ಸಿನ ತರಂಗದೂರ 34.6 ಸೆಂಟಿಮೀಟರು, ಅದರ ಕಾಲುಭಾಗ, ಎಂದರೆ ಸುಮಾರು 8.6 ಸೆಂಟಿಮೀಟರಿನ ತಂತಿಯೇ ಸರಳವಾದ ಆಂಟೆನಾ. ಆಂಟೆನಾ ಕಬ್ಬಿನ ತುದಿಗಿಂತ ಎತ್ತರದಲ್ಲಿರಲಿ. ಆಂಟೆನಾ ಇಲ್ಲದೆ ರೇಡಿಯೋವನ್ನು ಎಂದೂ ಚಾಲೂ ಮಾಡಬಾರದು. ಹೊರಹೋಗಲಾರದ ಶಕ್ತಿ ಹಿಂದಿರುಗಿ ಚಿಪ್ಪನ್ನು ಕೆಡಿಸಬಹುದು.

ಎರಡನೆಯ ಪ್ರಶ್ನೆ: ವಿದ್ಯುತ್ತು ಎಲ್ಲಿಂದ?

ಗೋಕಾಕದ ಟಾಕಿಯ ಬಳಿಗೆ ಮನೆಯ ವಿದ್ಯುತ್ತನ್ನು ಅಡಾಪ್ಟರಿನ ಮೂಲಕ ಒಯ್ಯಬಹುದು. ಹೊಲದಲ್ಲಿ ಹಾಗಲ್ಲ. ಕರೆಂಟು ಹೋಯಿತೆಂಬ ಸುದ್ದಿಯನ್ನು ಹೇಳಬೇಕಾದ ಉಪಕರಣವು ಕರೆಂಟಿನೊಡನೆಯೇ ಮಲಗಿಬಿಟ್ಟರೆ ಪ್ರಯೋಜನವೇನು? ಆದುದರಿಂದ ಬ್ಯಾಟರಿ ಅವಶ್ಯ. 2019ರ ಆಗಸ್ಟಿನಲ್ಲಿ ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದೊಳಕ್ಕೆ ನುಗ್ಗಿದ್ದನ್ನು ಕಂಡವರಿಗೆ, ವಿಪತ್ತಿನ ವೇಳೆ ಮನೆಯ ಕರೆಂಟನ್ನು ನೆಚ್ಚಬಾರದೆಂಬ ಮಾತನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ನಮ್ಮಲ್ಲಿ 2,500 ಮಿಲಿ ಆಂಪಿಯರ್ ಗಂಟೆಯ ಒಂದು ಲಿಥಿಯಂ ಕೋಶವಿದೆ. ಇಎಸ್‌ಪಿ-32 ಬೋರ್ಡು ಎಚ್ಚರವಿದ್ದಾಗ ಸರಾಸರಿ 100 ಮಿಲಿ ಆಂಪಿಯರ್ ಎಳೆಯುತ್ತದೆ ಎನ್ನೋಣ. ಸದಾ ಎಚ್ಚರವಾಗಿದ್ದರೆ 2,500ನ್ನು 100ರಿಂದ ಭಾಗಿಸಿದಾಗ ದೊರೆಯುವುದು 25 ಗಂಟೆ. ಒಂದೇ ದಿನದಲ್ಲಿ ಕೋಶ ಬರಿದು.

ಆದರೆ ಈ ಚಿಪ್ಪಿಗೆ ಗಾಢನಿದ್ರೆಯ ಶಕ್ತಿಯುಂಟು. ಆಗ ಅದು ಎಳೆಯುವುದು ಸುಮಾರು 0.01 ಮಿಲಿ ಆಂಪಿಯರ್ ಮಾತ್ರ. ಹದಿನೈದು ನಿಮಿಷಗಳಿಗೊಮ್ಮೆ, ಎಂದರೆ 900 ಸೆಕೆಂಡಿಗೊಮ್ಮೆ, ಎದ್ದು 5 ಸೆಕೆಂಡು ಕೆಲಸ ಮಾಡಿ ಮಲಗುವಂತೆ ಪ್ರೋಗ್ರಾಮು ಬರೆದರೆ ಎಚ್ಚರದ ಪಾಲಿನ ಸರಾಸರಿ 100 × 5 ÷ 900 = 0.56. ನಿದ್ರೆಯ ಪಾಲು ಸೇರಿದರೆ 0.57 ಮಿಲಿ ಆಂಪಿಯರ್. ಕೋಶ ಸುಮಾರು 4,400 ಗಂಟೆ, ಎಂದರೆ 180 ದಿನಗಳಿಗೂ ಮಿಕ್ಕಿ ಬರುತ್ತದೆ. ಒಂದು ದಿನ ಎಲ್ಲಿ, ಆರು ತಿಂಗಳು ಎಲ್ಲಿ!

ಚಿಪ್ಪು ಬೇರೆ, ಬೋರ್ಡು ಬೇರೆ ಎಂದುದು ಇಲ್ಲಿ ಮುಖ್ಯವಾಗುತ್ತದೆ. ಚಿಪ್ಪು ಮಲಗಿದರೂ ಬೋರ್ಡಿನ ಮೇಲಿನ ಸೂಚಕ ದೀಪ, ಯುಎಸ್‌ಬಿ ಭಾಗ, ರೆಗ್ಯುಲೇಟರು ಎಚ್ಚರವಾಗಿಯೇ ಇರಬಹುದು. ಅವೆಲ್ಲ ಸೇರಿ 5 ಮಿಲಿ ಆಂಪಿಯರ್ ನುಂಗಿದರೆ ಸರಾಸರಿ 5.56ಕ್ಕೆ ಏರಿ, ಆರು ತಿಂಗಳ ಬಾಳು 19 ದಿನಗಳಿಗೆ ಕುಸಿಯುತ್ತದೆ. ಒಂದೇ ಚಿಪ್ಪಿನ ಎರಡು ಬೋರ್ಡುಗಳ ನಡುವೆ ಇಷ್ಟು ಅಂತರ! ಬ್ಯಾಟರಿಯ ಕೆಲಸಕ್ಕೆ ಬೋರ್ಡನ್ನು ಕೊಳ್ಳುವವನು ಕೇಳಬೇಕಾದ ಮೊದಲ ಮಾತು “ಇದು ನಿದ್ರೆಯಲ್ಲಿ ಎಷ್ಟು ಎಳೆಯುತ್ತದೆ?” ಎಂಬುದು, ವೇಗದ ಮಾತು ಆಮೇಲೆ. ಇಷ್ಟು ಬಲ್ಲವರು ಬ್ಯಾಟರಿಯ ಸಾಲಿನಲ್ಲಿ ಮಲ್ಟಿಮೀಟರು ಇಟ್ಟು ತಾವೇ ಅಳೆದು ನೋಡುತ್ತಾರೆ.

ಮೂರನೆಯ ಪ್ರಶ್ನೆ: ಏನನ್ನು ಜೋಡಿಸಬೇಕು?

ಇಎಸ್‌ಪಿ ಬೋರ್ಡುಗಳ ಪಿನ್ನುಗಳು 3.3 ವೋಲ್ಟಿನವು. ಟಾಕಿಯ ಮಟ್ಟವನ್ನು ಅಳೆಯಲು ಬಳಸುವ ಸಾಮಾನ್ಯ ಶ್ರವಣಾತೀತ ಸಂವೇದಕವು 5 ವೋಲ್ಟಿನ ಉತ್ತರ ಕೊಡುತ್ತದೆ. ಅದನ್ನು ನೇರವಾಗಿ ಜೋಡಿಸಿದರೆ ಪಿನ್ನು ಕೆಡಬಹುದು. 1,000 ಓಮ್ ಮತ್ತು 2,000 ಓಮ್ ರೋಧಕಗಳನ್ನು ಸರಣಿಯಲ್ಲಿ ಇಟ್ಟು ಎರಡನೆಯದರ ಮೇಲಿನ ವೋಲ್ಟೇಜನ್ನು ತೆಗೆದುಕೊಂಡರೆ 5ರ ಮೂರನೆಯ ಎರಡು ಪಾಲು, ಎಂದರೆ 3.3 ವೋಲ್ಟು ದೊರೆಯುತ್ತದೆ. 2023ರಲ್ಲಿ ಬಂದ ಆರ್ಡುಯಿನೋ ಊನೋ ಆರ್-4 ವೈ-ಫೈ ಬೋರ್ಡಿನ ಪಿನ್ನುಗಳಾದರೋ 5 ವೋಲ್ಟಿನವೇ. ಹಳೆಯ ಸಂವೇದಕಗಳು ಅದಕ್ಕೆ ನೇರವಾಗಿ ಹೊಂದುತ್ತವೆ, ಬೆಲೆ ಮಾತ್ರ ಹೆಚ್ಚು.

ಮಣ್ಣಿನ ತೇವದಂತಹ ಏರಿಳಿಯುವ ವೋಲ್ಟೇಜನ್ನು ಓದಲು ಅನಲಾಗ್ ಪಿನ್ನುಗಳು ಬೇಕು. ಇಎಸ್‌ಪಿ-8266ರಲ್ಲಿ ಇಂಥದು ಒಂದೇ. 2022ರ ರಾಸ್ಪ್‌ಬೆರಿ ಪೈ ಪೈಕೋ-ಡಬ್ಲ್ಯೂ ಬೋರ್ಡಿನಲ್ಲಿ ಮೂರು. ಇಎಸ್‌ಪಿ-32ರಲ್ಲಿ ಹಲವು ಇದ್ದರೂ ಅವುಗಳಲ್ಲಿ ಎರಡನೆಯ ಗುಂಪಿನವು ವೈ-ಫೈ ನಡೆಯುತ್ತಿರುವಾಗ ಓದಲು ಒದಗುವುದಿಲ್ಲ. ಈ ಸಂಗತಿಯನ್ನು ಅರಿಯದೆ ಸಂವೇದಕವೇ ಕೆಟ್ಟಿತೆಂದು ಬಗೆದು ದಿನಗಟ್ಟಲೆ ತೊಳಲುವವರುಂಟು.

ಒಟ್ಟಿನಲ್ಲಿ, ಕೋಣೆಯೊಳಗಿನ ಪಾಠಕ್ಕೆ ಮೈಕ್ರೋ:ಬಿಟ್. ಮನೆಯೊಳಗಿನ ಒಂದೇ ಸಂವೇದಕದ ಕೆಲಸಕ್ಕೆ ಇಎಸ್‌ಪಿ-8266. ಹಲವು ಸಂವೇದಕಗಳಿದ್ದರೆ ಇಎಸ್‌ಪಿ-32. ಪೈಥಾನ್ ಭಾಷೆಯಲ್ಲಿ ಬರೆಯುತ್ತ ಕಲಿಯುವ ಇಚ್ಛೆಯುಳ್ಳವರಿಗೆ ಪೈಕೋ-ಡಬ್ಲ್ಯೂ. ಹೊಲದ ದೂರಕ್ಕೆ ಇಎಸ್‌ಪಿ-32 ಮತ್ತು ಲೋರಾ ಎರಡನ್ನೂ ಒಂದೇ ಹಲಗೆಯ ಮೇಲೆ ಕೂಡಿಸಿದ ಬೋರ್ಡುಗಳ ಒಂದು ಜೋಡಿ—ಹೊಲದಲ್ಲಿ ಒಂದು, ಮನೆಯಲ್ಲಿ ಒಂದು.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆ

ಪಂಪ್‌ಸೆಟ್ಟಿನ ಸಾಲಿನಲ್ಲಿ ಎರಡು ಫೇಸುಗಳ ನಡುವೆ 400 ವೋಲ್ಟುಗಳಿಗೂ ಮಿಕ್ಕಿದ ಒತ್ತಡವಿರಬಹುದು. ಅದು ಪ್ರಾಣವನ್ನು ತೆಗೆಯುತ್ತದೆ. ಅದರ ಯಾವ ತಂತಿಯನ್ನೂ ಬೋರ್ಡಿನ ಪಿನ್ನಿಗೆ ಜೋಡಿಸಕೂಡದು. ಪ್ರತಿ ಫೇಸಿಗೂ ಒಂದೊಂದು ಒಳ್ಳೆಯ 5 ವೋಲ್ಟಿನ ಅಡಾಪ್ಟರನ್ನು ಪರವಾನಗಿ ಪಡೆದ ವೈರ್‌ಮನ್ನರಿಂದ ಕೂರಿಸಿ, ಅವುಗಳ ಹೊರವೋಲ್ಟೇಜನ್ನು ಮೇಲೆ ಹೇಳಿದಂತೆ ತಗ್ಗಿಸಿ ಮಾತ್ರ ಓದಬೇಕು. ಒಂದೇ ಅಡಾಪ್ಟರು ಸಾಲದು. ಒಂದು ಫೇಸು ಮಾತ್ರ ಬಂದಾಗಲೂ ಅದು “ಕರೆಂಟು ಬಂದಿದೆ” ಎಂದೇ ಹೇಳೀತು. ಸ್ಟಾರ್ಟರಿನಲ್ಲಿರುವ ರಕ್ಷಣೆಯ ಭಾಗಗಳನ್ನು ತೆಗೆಯಬಾರದು. ಹವ್ಯಾಸಿಯ ಉಪಕರಣ ಮೊದಲು ಸುದ್ದಿಯನ್ನು ಮಾತ್ರ ಹೇಳಲಿ; ಪಂಪನ್ನು ದೂರದಿಂದ ಚಾಲೂ ಮಾಡುವ ಕೆಲಸವನ್ನು ಬಲ್ಲವರ ನೆರವಿಲ್ಲದೆ ಕೈಗೊಳ್ಳಬಾರದು. ಸುದ್ದಿ ಬಾರದಿದ್ದ ಮಾತ್ರಕ್ಕೆ ತಂತಿಯಲ್ಲಿ ಕರೆಂಟಿಲ್ಲವೆಂದು ತಿಳಿದು ಅದನ್ನು ಮುಟ್ಟಲೂ ಬಾರದು.

ಈ ನಾಡಿಗೆ ವಿದ್ಯುತ್ತು ಹೊಸದಲ್ಲ. ಗೋಕಾಕದ ಜಲಪಾತದ ಶಕ್ತಿಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹತ್ತಿಯ ಗಿರಣಿ ನಡೆಯಿತು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಹುಟ್ಟಿತು. ಅಂದು ಶಕ್ತಿಯನ್ನು ಊರೂರಿಗೆ ಮುಟ್ಟಿಸುವುದು ದೊಡ್ಡ ಕೆಲಸವಾಗಿತ್ತು. ಇಂದು ಅದರೊಡನೆ ಸುದ್ದಿಯನ್ನೂ ಮುಟ್ಟಿಸುವ ಕೆಲಸ ಸೇರಿದೆ. ಅದನ್ನು ಕೈಗೊಳ್ಳಬಯಸುವ ವಿದ್ಯಾರ್ಥಿಗಳು ಮೊದಲು ಅಂಗಡಿಗೆ ಹೋಗುವುದು ಬೇಡ. ಒಂದು ಹಾಳೆ, ಒಂದು ಸೀಸದಕಡ್ಡಿ ಹಿಡಿದು ಹೊಲಕ್ಕೆ ಹೋಗಲಿ. ದೂರವನ್ನು ಹೆಜ್ಜೆಗಳಲ್ಲಿ ಅಳೆಯಲಿ. ಕಬ್ಬು ಎಷ್ಟು ಎತ್ತರ ಬೆಳೆಯುವುದೆಂದು ಮನೆಯ ಹಿರಿಯರನ್ನು ಕೇಳಲಿ. ಕರೆಂಟು ಬರುವ ಹೊತ್ತುಗಳನ್ನು ಒಂದು ವಾರ ಬರೆದಿಡಲಿ. ಆ ಹಾಳೆಯೇ ಯಾವ ಬೋರ್ಡು ಬೇಕೆಂಬುದನ್ನು ತಿಳಿಸಿಕೊಡುತ್ತದೆ.