ತೂಕ ಇಳಿಸುವವನ ಮೈಲಿಗಲ್ಲುಗಳು

ದಾರಿಹೋಕನಿಗೆ ಮೈಲಿಗಲ್ಲು ಕಂಡಾಗ ಆಗುವ ಉಲ್ಲಾಸವೇ ಬೊಜ್ಜನ್ನು ಕರಗಿಸಲು ಹೊರಟವನಿಗೆ ತೂಕದ ಯಂತ್ರದ ಮುಳ್ಳು ಒಂದು ಗೆರೆ ಕೆಳಗಿಳಿದಾಗ ಆಗುತ್ತದೆ. ಆದರೆ ರಸ್ತೆಯ ಕಲ್ಲು ನೆಟ್ಟಲ್ಲಿ ನಿಂತಿರುತ್ತದೆ. ಮುಳ್ಳು ಹಾಗೆ ನಿಲ್ಲುವುದಿಲ್ಲ. ಹಾಗಾದರೆ ಯಾವ ಇಳಿತವನ್ನು ಗೆಲುವೆಂದು ಎಣಿಸಬೇಕು?

ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನು ಶವಸಂಸ್ಕಾರದ ಏರ್ಪಾಡುಗಳನ್ನು ಮಾಡಿಕೊಡುವ ವೃತ್ತಿಯಲ್ಲಿದ್ದವನು. 1862ರ ಆಗಸ್ಟಿನಲ್ಲಿ ಅವನ ವಯಸ್ಸು 65, ಎತ್ತರ 5 ಅಡಿ 5 ಅಂಗುಲ, ತೂಕ 202 ಪೌಂಡು, ಎಂದರೆ ಸುಮಾರು 92 ಕಿಲೋಗ್ರಾಂ. ಬಾಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳಲಾರದವನಾಗಿದ್ದನು. ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದನು. ದೋಣಿಗೆ ಹುಟ್ಟು ಹಾಕಿ ನೋಡಿದನು. ಹಸಿವು ಹೆಚ್ಚಿತು, ಅದರೊಡನೆ ತೂಕವೂ ಹೆಚ್ಚಿತು. ಕಿವಿ ಮಂದವಾದುದಕ್ಕಾಗಿ ಅವನು ಕಂಡ ವೈದ್ಯನ ಹೆಸರು ವಿಲಿಯಂ ಹಾರ್ವೆ. (ರಕ್ತಪರಿಚಲನೆಯ ಹಾರ್ವೆ ಇವನಲ್ಲ, ಆತನು ಎರಡು ಶತಮಾನಗಳಷ್ಟು ಹಿಂದಿನವನು.) ಈ ವೈದ್ಯನು ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆಗಳನ್ನು ಬಿಡಿಸಿದನು.

ಬ್ಯಾಂಟಿಂಗನು ಹೆಚ್ಚುಕಡಿಮೆ ಮೂರು ವಾರಗಳಿಗೊಮ್ಮೆ ತೂಕ ನೋಡಿ ಬರೆದಿಟ್ಟನು. ಅವನ ಪಟ್ಟಿಯಲ್ಲಿ ಚಳಿಗಾಲದ ಸಾಲುಗಳೇ ಅತ್ಯಂತ ಬೋಧಪ್ರದ: ಡಿಸೆಂಬರ್ 24ರಂದು 184 ಪೌಂಡು, ಅನಂತರ 182, 180, 178, ಮಾರ್ಚ್ 18ರಂದು 176. ಮೂರು ವಾರಕ್ಕೆ ಕೇವಲ ಎರಡು ಪೌಂಡು! ದಿನದಿನವೂ ತೂಗಿದ್ದರೆ ಈ ಇಳಿತವು ಅವನ ಕಣ್ಣಿಗೆ ಬೀಳುತ್ತಿತ್ತೇ ಎಂಬುದು ಸಂದೇಹ. ಏಕೆಂದರೆ ನಾವು ಉಂಡ ಉಪ್ಪು, ಕುಡಿದ ನೀರು, ಸುರಿಸಿದ ಬೆವರುಗಳಿಂದಲೇ ದೇಹದ ತೂಕವು ದಿನಕ್ಕೆ ಒಂದು ಕಿಲೋಗ್ರಾಂನಷ್ಟು ಏರಿಳಿಯಬಲ್ಲುದು. ಮೊದಲ ವಾರದ ಭರದ ಇಳಿತವೂ ಬಹುಮಟ್ಟಿಗೆ ನೀರೇ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್ ತನ್ನ ಒಂದೊಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಊಟ ಕಡಿಮೆಯಾದೊಡನೆ ಗ್ಲೈಕೊಜೆನ್ ವ್ಯಯವಾಗಿ ಆ ನೀರೂ ಹೊರಬೀಳುತ್ತದೆ. ಕೊಬ್ಬಾದರೋ ಇನ್ನೂ ಇದ್ದಲ್ಲಿಯೇ ಇರುತ್ತದೆ.

ಸಂಭ್ರಮದ ಊಟದ ಲೆಕ್ಕವನ್ನೂ ನೋಡೋಣ. ದೇಹದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿಯಿದೆ. ಮೂರು ವಾರದಲ್ಲಿ ಎರಡು ಪೌಂಡು ಕೊಬ್ಬು ಕರಗಬೇಕಾದರೆ ದಿನಕ್ಕೆ 330ರಷ್ಟು ಉಳಿತಾಯ ಬೇಕು. ಗೆದ್ದೆನೆಂದು ಹಿಗ್ಗಿ ಒಬ್ಬಟ್ಟಿನ ಮೇಲೆ 40 ಗ್ರಾಂ ತುಪ್ಪ ಸುರಿದುಕೊಂಡವನು ತುಪ್ಪವೊಂದರಿಂದಲೇ 360 ಪಡೆಯುತ್ತಾನೆ. ಒಬ್ಬಟ್ಟಿನ ಲೆಕ್ಕ ಬೇರೆ!

ವೈದ್ಯರು ಇಂದು ಬೆಲೆ ಕೊಡುವ ಮೊದಲ ಕಲ್ಲು, ಆರಂಭದ ತೂಕದ ನೂರಕ್ಕೆ ಐದರಷ್ಟು ಇಳಿತ. ಸ್ಥೂಲಕಾಯರಲ್ಲಿ ಅಷ್ಟರಿಂದಲೇ ರಕ್ತದ ಸಕ್ಕರೆ, ರಕ್ತದ ಒತ್ತಡಗಳು ಸುಧಾರಿಸತೊಡಗುತ್ತವೆ. ಬ್ಯಾಂಟಿಂಗನು ಇದನ್ನು ನವೆಂಬರ್ 9ರ ವೇಳೆಗೆ ದಾಟಿದ್ದನು. ಆದರೆ ಅವನು ಹೆಚ್ಚು ಹಿಗ್ಗಿದುದು ಮೆಟ್ಟಿಲುಗಳನ್ನು ಎಲ್ಲರಂತೆ ಮುಮ್ಮುಖವಾಗಿ ಇಳಿದುದಕ್ಕೆ. ನನ್ನ ಎಣಿಕೆಯಲ್ಲಿ ಅದೇ ದೊಡ್ಡ ಕಲ್ಲು. ಮಾಂಸ ಮದ್ಯಗಳು ಧಾರಾಳವಾಗಿದ್ದ ಅವನ ಪಥ್ಯವನ್ನು ಮಾತ್ರ ಯಾರೂ ಅನುಕರಿಸಬೇಕಾಗಿಲ್ಲ. ಬೆಳೆಯುವ ವಯಸ್ಸಿನವರಂತೂ ವೈದ್ಯರನ್ನು ಕೇಳದೆ ಊಟ ತಗ್ಗಿಸಬಾರದು.

1863ರಲ್ಲಿ ಅವನು ಈ ವೃತ್ತಾಂತವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದನು. ಒಟ್ಟು ಇಳಿದ ತೂಕ 46 ಪೌಂಡು. ದೇಹ ಹಗುರವಾದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ತಗ್ಗುತ್ತದೆ. ಆದುದರಿಂದ ಅದೇ ಊಟದಲ್ಲಿ ಒಂದು ದಿನ ಆಯವ್ಯಯಗಳು ಸರಿತೂಗುತ್ತವೆ. ಅವನ ಪಟ್ಟಿಯ ಕೊನೆಯ ಸಾಲು ಸೆಪ್ಟೆಂಬರ್ 12ರದು: ತೂಕ 156 ಪೌಂಡು, ಇಳಿದದ್ದು ಸೊನ್ನೆ. ಆ ಸೊನ್ನೆಯನ್ನೂ ಅವನು ಅಚ್ಚು ಹಾಕಿಸಿದನು.