ಬೆಳಗಿನ ಜಾವದ ಕೆರೆಗೂ ಹೋಗಿ ಬಾ

ಮಗಳೇ,

ಬಿ.ಎಸ್ಸಿ.ಗೆ ಪರಿಸರ ವಿಜ್ಞಾನ ತಗೊಂಡೆ ಎಂದು ನೀನು ಫೋನಿನಲ್ಲಿ ಹೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಮನೆಯಲ್ಲಿ ಮಾತ್ರ "ಅದನ್ನು ಓದಿದರೆ ಏನು ಕೆಲಸ ಸಿಗುತ್ತೆ?" ಎಂದು ಕೇಳಿದರಂತೆ. ಆ ಪ್ರಶ್ನೆಗೂ ಬರುತ್ತೇನೆ. ಅದಕ್ಕಿಂತ ಮೊದಲು ಒಂದು ಕೆರೆಯ ವಿಷಯ ಹೇಳಬೇಕು.

ನಾನು ನೀರು ಪರೀಕ್ಷೆಯ ಕೆಲಸಕ್ಕೆ ಸೇರಿದ ಹೊಸತು. ಕೆರೆಯಲ್ಲಿ ಮೀನು ಸಾಯುತ್ತಿವೆ ಎಂದು ಒಂದೂರಿನಿಂದ ದೂರು ಬಂತು. ಹೋದದ್ದು ಮಧ್ಯಾಹ್ನ ಎರಡಕ್ಕೆ. ನೀರು ಹಸಿರುಗಟ್ಟಿತ್ತು, ಆದರೆ ಕರಗಿದ ಆಮ್ಲಜನಕ ಬೇಕಾದಷ್ಟಿತ್ತು. ದೋಷವಿಲ್ಲ ಎಂದು ಬರೆಯುವುದರಲ್ಲಿದ್ದೆ. ಏರಿಯ ಮೇಲೆ ಬಲೆ ಒಣಗಿಸುತ್ತಿದ್ದ ಹಿರಿಯರೊಬ್ಬರು, "ಕೋಳಿ ಕೂಗೋ ಹೊತ್ತಿಗೆ ಬನ್ನಿ ಸ್ವಾಮಿ, ಮೀನು ಮೇಲೆ ಬಂದು ಬಾಯಿ ಬಿಡ್ತಾವೆ" ಅಂದರು. ಮರುದಿನ ಐದಕ್ಕೇ ಹೋದೆ. ಅದೇ ಕೆರೆ, ಅದೇ ಜಾಗ. ಆಮ್ಲಜನಕ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇರಲಿಲ್ಲ.

ಊರ ಚರಂಡಿಯಿಂದ ಬಂದ ಸಾರಜನಕ, ರಂಜಕ ಉಂಡು ಪಾಚಿ ಕೊಬ್ಬಿತ್ತು. ಬಿಸಿಲಿದ್ದಾಗ ಆಮ್ಲಜನಕ ಬಿಡುವ ಪಾಚಿಯೇ ರಾತ್ರಿಯೆಲ್ಲ ಉಸಿರಾಡಿ ಅದನ್ನು ಬರಿದು ಮಾಡುತ್ತದೆ. ಕೊಳೆಯುವ ಕಸವೂ ಅದರ ಜೊತೆ ಸೇರುತ್ತದೆ. ಈ ಪಾಠ ನನ್ನ ಪುಸ್ತಕದಲ್ಲೂ ಇತ್ತು. ಆದರೆ ಯಾವ ಹೊತ್ತಿಗೆ ಕೆರೆಗೆ ಹೋಗಬೇಕು ಎಂದು ಹೇಳಿದವರು ಬಲೆಯವರು.

ಹಾಗಾಗಿ ನನ್ನ ಮೊದಲ ಮಾತು: ಒಂದು ಹೊತ್ತಿನ ಅಳತೆಯನ್ನು ನಂಬಿ ತೀರ್ಪು ಕೊಡಬೇಡ. ಮಳೆಗಾಲದಲ್ಲೂ ಹೋಗು, ಬೇಸಿಗೆಯಲ್ಲೂ ಹೋಗು. ನೀರಗಂಟಿಯನ್ನು, ದನ ಮೇಯಿಸುವವರನ್ನು, ಬಟ್ಟೆ ಒಗೆಯುವವರನ್ನು ಮಾತನಾಡಿಸು. ಅವರು ಹೇಳಿದ್ದನ್ನು ಅಳೆದು ನೋಡು, ನೀನು ಅಳೆದದ್ದನ್ನು ಅವರಿಗೂ ತಿಳಿಸು.

ಎರಡನೆಯದು, ಈ ಓದಿನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ: ರಸಾಯನ, ಸಸ್ಯ, ಮಣ್ಣು, ಹವಾಮಾನ, ಕಾನೂನು. ಅದೇ ಇದರ ಚೆಲುವು, ಅಪಾಯವೂ ಅದೇ. ಮೂರು ವರ್ಷ ಕಳೆಯುವುದರೊಳಗೆ ಒಂದು ವಿಷಯವಾದರೂ ಆಳವಾಗಿ ಕೈಗೆ ಹತ್ತಲಿ. ರಸಾಯನವಾದರೆ ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬುವುದನ್ನು ಕಲಿ. ಕೆರೆಯ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ಹಾಕಿ ಆಮ್ಲಜನಕವನ್ನು ಹಿಡಿದಿಡಬೇಕು, ಇಲ್ಲದಿದ್ದರೆ ಲ್ಯಾಬು ಸೇರುವಷ್ಟರಲ್ಲಿ ಲೆಕ್ಕವೇ ಬೇರೆಯಾಗಿರುತ್ತದೆ. ಥಯೋಸಲ್ಫೇಟ್ ಬಿಡುವಾಗ ಪಿಷ್ಟದ ನೀಲಿ ಮಾಯವಾಗುವ ಆ ಕೊನೆಯ ಹನಿಗೆ ಕಣ್ಣು ಪಳಗಬೇಕು. ಏನೇ ಆರಿಸಿಕೊಂಡರೂ ಸಂಖ್ಯಾಶಾಸ್ತ್ರ ಬಿಡಬೇಡ.

ಮೂರನೆಯದು ಕಾನೂನು. ನಿನ್ನ ಜೊತೆಯವರು ಇದನ್ನು ಪರೀಕ್ಷೆಯ ಹಿಂದಿನ ರಾತ್ರಿಗೆ ಇಟ್ಟುಕೊಳ್ಳುತ್ತಾರೆ, ನೀನು ಹಾಗೆ ಮಾಡಬೇಡ. 1974ರ ಜಲ ಕಾಯ್ದೆಯ ಪ್ರಕಾರ ಕಾರ್ಖಾನೆಯ ನೀರಿನ ಮಾದರಿ ತೆಗೆದಾಗ ಅಲ್ಲೇ ನೋಟಿಸ್ ಕೊಡಬೇಕು, ಕಾರ್ಖಾನೆಯವರ ಎದುರೇ ಎರಡು ಪಾಲು ಮಾಡಿ ಮೊಹರು ಹಾಕಬೇಕು, ಇಬ್ಬರ ಸಹಿಯೂ ಬೀಳಬೇಕು. ಈ ಕ್ರಮ ತಪ್ಪಿದರೆ ನಿನ್ನ ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. 1984ರ ಭೋಪಾಲ್ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು ಎನ್ನುವುದನ್ನು ಬರೀ ಇಸವಿಯಾಗಿ ಓದಬೇಡ. ಸತ್ತವರನ್ನು ನೆನೆದು ಓದು.

ಇನ್ನು ಕೆಲಸ. ಪದವಿಯೊಂದರಿಂದಲೇ ದೊಡ್ಡ ಸಂಬಳ ಬರುತ್ತದೆಂದು ನಾನು ಹೇಳಲಾರೆ. ಕೊಳಚೆ ನೀರು ಶುದ್ಧೀಕರಣ ಘಟಕ, ಪರೀಕ್ಷಾ ಲ್ಯಾಬು, ಯೋಜನೆಗಳ ಪರಿಸರ ಪರಿಣಾಮ ಅಧ್ಯಯನ ಮಾಡುವ ಸಲಹಾ ಸಂಸ್ಥೆ, ಕಾರ್ಖಾನೆಗಳ ಪರಿಸರ ವಿಭಾಗ, ಇವೆಲ್ಲ ಇವೆ. ಮೇಲೇರಲು ಎಂ.ಎಸ್ಸಿ. ಬೇಕಾಗಬಹುದು. ಸರ್ಕಾರಿ ಹುದ್ದೆಯ ಆಸೆಯಿದ್ದರೆ ಹಳೆಯ ನೇಮಕಾತಿ ಅಧಿಸೂಚನೆಗಳಲ್ಲಿ ಯಾವ ಪದವಿ ಕೇಳಿದ್ದಾರೆ ಎಂದು ಈಗಲೇ ನೋಡಿಕೊ. ಕೆಲವು ಕಡೆ ಬರೀ ರಸಾಯನ ಓದಿದವರನ್ನೋ ಎಂಜಿನಿಯರುಗಳನ್ನೋ ಕೇಳುತ್ತಾರೆ. ಇದನ್ನು ಮೊದಲೇ ತಿಳಿದಿದ್ದರೆ ಜೊತೆಯ ವಿಷಯ ಆರಿಸುವಾಗ ಎಚ್ಚರ ಇರುತ್ತದೆ.

ಕೊನೆಯದಾಗಿ, ಈ ಓದು ನಿನ್ನನ್ನು ಜಗಳಗಳ ನಡುವೆ ನಿಲ್ಲಿಸುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದ ರೈತನ ಸಂತೋಷ ನಿಜ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಎನ್ನುವವರ ಆತಂಕವೂ ನಿಜ. ಇಲ್ಲಿ ಕೂಗು ಹಾಕುವವರು ಬೇಕಾದಷ್ಟು ಜನ ಸಿಗುತ್ತಾರೆ. ವರ್ಷದಿಂದ ವರ್ಷಕ್ಕೆ ಅದೇ ಕೆರೆಗೆ, ಅದೇ ಬಾವಿಗೆ ಹೋಗಿ ಅಳೆದು, ಕಂಡದ್ದನ್ನು ಕಂಡ ಹಾಗೆ ಬರೆಯುವವರು ಕಡಿಮೆ. ನೀನು ಆ ಕಡಿಮೆ ಜನರಲ್ಲಿ ಒಬ್ಬಳಾಗು.

ದಸರಾ ರಜೆಗೆ ಬಂದಾಗ ನಮ್ಮೂರ ಕೆರೆಗೆ ಹೋಗೋಣ. ಬಾಟಲಿ, ರಾಸಾಯನಿಕ ನಾನು ಹೊಂದಿಸಿಡುತ್ತೇನೆ. ನೀನು ನಾಲ್ಕೂವರೆಗೆ ಎದ್ದರೆ ಸಾಕು.